ಫ್ರೂಗಲ್‌ಗೂ ಸ್ಟಿಂಜಿಗೂ ನಡುವೆ: ಕನ್ನಡ ಮಾಧ್ಯಮದವಳ ಜಿಆರ್‌ಇ ಅನುಭವ

ಕಳೆದ ವಾರ ನನ್ನ ಜಿಆರ್‌ಇ ಅಂಕ ಬಂತು. ಅಮೆರಿಕದಂಥ ಕಡೆ ಡಿಗ್ರಿಯ ಮೇಲಿನ ಓದಿಗೆ ಅರ್ಜಿ ಹಾಕುವವರು ಬರೆಯುವ ಪರೀಕ್ಷೆ ಇದು. ವರ್ಬಲ್ (ಇಂಗ್ಲಿಷ್) 156, ಕ್ವಾಂಟ್ (ಗಣಿತ) 165, ಪ್ರಬಂಧ 3.5. ಊರೆಲ್ಲ ಸಾರುವಂಥ ಅಂಕವೇನಲ್ಲ. ಆದರೆ ನಾನು ಎಸ್ಸೆಸ್ಸೆಲ್ಸಿವರೆಗೆ ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಮಾಕ್ ಟೆಸ್ಟ್‌ನಲ್ಲಿ ವರ್ಬಲ್‌ಗೆ ಬಂದಿದ್ದು 142. ವರ್ಬಲ್, ಕ್ವಾಂಟ್ ಎರಡಕ್ಕೂ ಅಂಕ 130ರಿಂದಲೇ ಶುರುವಾಗಿ 170ಕ್ಕೆ ಮುಗಿಯುತ್ತದೆ. ಉತ್ತರವೆಲ್ಲ ತಪ್ಪಾದರೂ 130 ಸಿಗುತ್ತದೆ ಎಂದಮೇಲೆ 142 ಎಂದರೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ನನ್ನ ಹಾಗೇ ಗಣಿತದಲ್ಲಿ ಪರವಾಗಿಲ್ಲ, ಇಂಗ್ಲಿಷ್ ಪದ ಕಂಡರೆ ಎದೆ ಧಸಕ್ ಎನ್ನುತ್ತದೆ ಎನ್ನುವವರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಸ್ತಿ ಮಾತು ಪದಗಳ ಬಗ್ಗೆಯೇ. ಅದರಲ್ಲೂ ಒಂದು ಗುಂಪಿನ ಪದಗಳ ಬಗ್ಗೆ: ಖರ್ಚು, ಉಳಿತಾಯ, ಜಿಪುಣತನ. ಆ ಗುಂಪನ್ನು ಕಲಿಯುತ್ತಲೇ ನನಗೆ ಈ ಪರೀಕ್ಷೆ ಏನು ಕೇಳುತ್ತಿದೆ ಎಂಬುದು ಅರ್ಥವಾಗಿದ್ದು.

ಶುರು ಮಾಡುವ ಮೊದಲು ಒಂದು ಮಾತು. ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯಕ್ಕೆ ಜಿಆರ್‌ಇ ಬೇಕೇ ಬೇಕಾ ಎಂದು ನೋಡಿಕೊಳ್ಳಿ. ಕೋವಿಡ್ ಕಾಲದಿಂದ ಎಷ್ಟೋ ವಿಭಾಗಗಳು ಇದನ್ನು ಕೈಬಿಟ್ಟಿವೆ ಅಥವಾ ಇಷ್ಟವಿದ್ದರೆ ಕೊಡಿ ಎಂದಿವೆ. ಒಂದೇ ವಿಶ್ವವಿದ್ಯಾಲಯದ ಒಂದು ವಿಭಾಗ ಕೇಳುತ್ತದೆ, ಪಕ್ಕದ ವಿಭಾಗ ಕೇಳುವುದಿಲ್ಲ. ನಾನು ಹಾಕಬೇಕಿದ್ದ ಸ್ಟಾಟಿಸ್ಟಿಕ್ಸ್ ಕೋರ್ಸುಗಳಲ್ಲಿ ಕೆಲವು ಕೇಳುತ್ತಿದ್ದವು. ಹಾಗಾಗಿ ಬರೆಯಲೇಬೇಕಾಯಿತು. ಟೋಫೆಲ್, ಐಇಎಲ್‌ಟಿಎಸ್ ಬೇರೆ. ಅವು ನಿಮಗೆ ಇಂಗ್ಲಿಷ್ ಬರುತ್ತದಾ ಎಂದು ನೋಡುತ್ತವೆ. ಜಿಆರ್‌ಇ ಬರೆದರೆ ಅವು ತಪ್ಪುತ್ತವೆ ಎಂದುಕೊಳ್ಳಬೇಡಿ.

ಮೊದಲ ತಡೆ ಇಂಗ್ಲಿಷ್ ಅಲ್ಲ, ಪಾಸ್‌ಪೋರ್ಟ್. ಪರೀಕ್ಷೆಯ ದಿನ ಗುರುತಿಗೆ ಪಾಸ್‌ಪೋರ್ಟೇ ಬೇಕು, ಅದೂ ಮೂಲಪ್ರತಿ, ಅವಧಿ ಮುಗಿಯದೇ ಇರುವುದು. ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್ ತೋರಿಸಿ ಒಳಗೆ ಹೋಗಬಹುದು ಎಂದುಕೊಂಡವರು ಈಗಲೇ ಅದನ್ನು ಮರೆತುಬಿಡಿ. ನನಗೆ ಪಾಸ್‌ಪೋರ್ಟ್ ಇರಲಿಲ್ಲ. 36 ಪುಟದ ಮಾಮೂಲಿ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ತೆಗೆದುಕೊಂಡೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎರಡರ ಮೂಲಪ್ರತಿ ಮತ್ತು ಜೆರಾಕ್ಸ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹುಟ್ಟಿದ ದಿನಕ್ಕೂ ಆಗುತ್ತದೆ, ಹತ್ತನೇ ಕ್ಲಾಸ್ ಪಾಸಾಗಿದ್ದೀರಿ ಎಂಬುದಕ್ಕೂ ಆಗುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಅಲ್ಲಿ ಎದುರಾಗಿದ್ದು ಹೆಸರಿನ ಸಮಸ್ಯೆ. ನಮ್ಮ ಕಡೆ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತದೆ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಾನು ಅಪ್ಪನ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದೆ. ಈಗ ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಒಂದು ಥರ. ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು, ಇಬ್ಬರೂ ಒಬ್ಬರೇ ಎಂದು ನೋಟರಿಯವರ ಹತ್ತಿರ ಒಂದು ಅಫಿಡವಿಟ್ ಮಾಡಿಸಿಟ್ಟುಕೊಂಡಿದ್ದೇನೆ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಜಾಲತಾಣದಲ್ಲಿ ಖಾತೆ ತೆರೆಯುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಬೇಕು. ಅದಕ್ಕೇ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಖಾತೆ ತೆರೆಯಿರಿ. ಮೊದಲೇ ತೆರೆದು ಆಮೇಲೆ ಹೆಸರು ತಿದ್ದಿಸುವ ತಲೆನೋವು ಯಾಕೆ?

ಪೊಲೀಸ್ ಪರಿಶೀಲನೆಯೂ ತಡವಾಯಿತು. ಅದು ಹಾಸನಾಂಬೆ ದರ್ಶನದ ಸಮಯ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಗುಡಿಯ ಬಾಗಿಲು ತೆಗೆಯುವುದು. ಜನ ಸಾಗರ. ಪೊಲೀಸರೆಲ್ಲ ಬಂದೋಬಸ್ತ್‌ನಲ್ಲಿ. ಫೋನ್ ಮಾಡಿದರೆ, "ಜಾತ್ರೆ ಮುಗೀಲಿ ಕಣಮ್ಮ, ನಾವೇ ಕರೀತೀವಿ" ಎಂದರು. ಕರೆದರು ಕೂಡ. ನಮ್ಮ ಜಿಲ್ಲೆಯವರು ಆ ತಿಂಗಳು ಬಿಟ್ಟು ಅರ್ಜಿ ಹಾಕುವುದು ವಾಸಿ.

ಪಾಸ್‌ಪೋರ್ಟ್‌ಗೆ ಕಾಯುತ್ತಲೇ ಓದು ಶುರು ಮಾಡಿದೆ. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿಗೆ ಉಚಿತ ಡೆಮೊ ಕ್ಲಾಸ್‌ಗೆ ಹೋಗಿದ್ದೆ. ಅವರು ಒಂದು ದಪ್ಪ ಜೆರಾಕ್ಸ್ ಕಟ್ಟು ಕೊಟ್ಟರು. ಪ್ರತಿ ಸಾಲಿನಲ್ಲೂ ಒಂದು ಪದ, ಎದುರಿಗೆ ಒಂದೇ ಪದದ ಅರ್ಥ. ಫ್ರೂಗಲ್ ಎದುರಿಗೆ 'ಎಕನಾಮಿಕಲ್'. ಪಾರ್ಸಿಮೋನಿಯಸ್ ಎದುರಿಗೂ 'ಎಕನಾಮಿಕಲ್'. ದಿನಕ್ಕೆ ಐವತ್ತು ಬಾಯಿಪಾಠ ಮಾಡಿ ಎಂದರು. ಫೀಸು ಕೇಳಿ ಎದ್ದು ಬಂದೆ. ಆಮೇಲೆ ತಿಂಗಳುಗಟ್ಟಲೆ ಅವರ ಫೋನ್ ಬರುತ್ತಲೇ ಇತ್ತು. ಡೆಮೊ ಕ್ಲಾಸ್‌ಗೆ ಹೋಗುವವರು ಮನೆಯ ನಂಬರ್ ಕೊಡಬೇಡಿ, ನಮ್ಮಮ್ಮ ಅವರಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾದರು.

ಆ ಕಟ್ಟನ್ನು ಓದಿಯೇ ಮೊದಲ ಮಾಕ್ ಟೆಸ್ಟ್ ಬರೆದದ್ದು. ಇಟಿಎಸ್‌ನವರೇ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಎರಡು ಮಾಕ್ ಟೆಸ್ಟ್ ಉಚಿತವಾಗಿ ಕೊಡುತ್ತಾರೆ. ಖಾತೆ ತೆರೆದರೆ ಸಾಕು. ಅದರಲ್ಲಿ ಪದಗಳಿಗೆ ಸಂಬಂಧಿಸಿದ ಪ್ರಶ್ನೆ ಎರಡು ಬಗೆ. ಒಂದು, ಖಾಲಿ ಜಾಗ ತುಂಬುವುದು. ಒಂದರಿಂದ ಮೂರು ಖಾಲಿ ಜಾಗ ಇರುತ್ತವೆ, ಮೂರರಲ್ಲಿ ಎರಡು ಸರಿಯಾದರೂ ಅಂಕ ಇಲ್ಲ. ಇನ್ನೊಂದು, ಒಂದೇ ಖಾಲಿ ಜಾಗಕ್ಕೆ ಆರು ಆಯ್ಕೆ. ಅದರಲ್ಲಿ ಎರಡನ್ನು ಆರಿಸಬೇಕು. ಯಾವುದನ್ನು ಹಾಕಿದರೂ ವಾಕ್ಯದ ಅರ್ಥ ಹೆಚ್ಚುಕಮ್ಮಿ ಒಂದೇ ಬರಬೇಕು. ನಾನು ಬಿದ್ದದ್ದು ಈ ಎರಡನೆಯದರಲ್ಲೇ.

ಯಾಕೆ ಎಂದು ತೋರಿಸಲು ಒಂದು ವಾಕ್ಯ ನಾನೇ ಮಾಡಿದ್ದೇನೆ. "ಗಂಡ ಹೋದ ಮೇಲೆ ಒಂದೊಂದು ರೂಪಾಯಿಯನ್ನೂ ಯೋಚಿಸಿ ಖರ್ಚು ಮಾಡಿ, ಸಾಲವಿಲ್ಲದೆ ಮೂವರು ಮಕ್ಕಳನ್ನು ಓದಿಸಿದಳು. ಅವಳ ಈ ಗುಣವನ್ನು ಊರವರು ಮೆಚ್ಚಿಕೊಳ್ಳುತ್ತಿದ್ದರು. ಅವಳು ತುಂಬಾ ____." ಆಯ್ಕೆಗಳು: ಫ್ರೂಗಲ್, ಸ್ಟಿಂಜಿ, ಥ್ರಿಫ್ಟಿ, ಮೈಸರ್ಲಿ, ಲ್ಯಾವಿಶ್, ಲಕೋನಿಕ್.

ನೋಡಿ, ಇಲ್ಲಿ ಎರಡು ಜೋಡಿ ಇದೆ. ಸ್ಟಿಂಜಿ, ಮೈಸರ್ಲಿ ಒಂದು ಜೋಡಿ, ಜಿಪುಣ ಎಂದು. ಫ್ರೂಗಲ್, ಥ್ರಿಫ್ಟಿ ಇನ್ನೊಂದು, ಹಿಡಿತದಿಂದ ಖರ್ಚು ಮಾಡುವವರು ಎಂದು. ನಾಲ್ಕೂ ದುಡ್ಡು ಬಿಚ್ಚದ ಮಾತೇ. ಜೆರಾಕ್ಸ್ ಕಟ್ಟಿನ ಪ್ರಕಾರ ಯಾವ ಎರಡು ಹಾಕಿದರೂ ನಡೆಯಬೇಕು. ಆದರೆ ಊರವರು ಮೆಚ್ಚಿದರು ಎಂಬ ಮಾತು ವಾಕ್ಯದಲ್ಲಿ ಸುಮ್ನೆ ಬಂದಿಲ್ಲ. ಸ್ಟಿಂಜಿಯನ್ನು ಯಾರೂ ಮೆಚ್ಚುವುದಿಲ್ಲ. ಹಾಗಾಗಿ ಉತ್ತರ ಫ್ರೂಗಲ್, ಥ್ರಿಫ್ಟಿ. ಪದ ಹೊಗಳುತ್ತದೋ ತೆಗಳುತ್ತದೋ ಗೊತ್ತಿಲ್ಲದೆ ಅರ್ಥ ಮಾತ್ರ ಬಾಯಿಪಾಠ ಮಾಡಿದವರಿಗೆಂದೇ ಇಂಥ ಬಲೆ ಹಾಕಿರುತ್ತಾರೆ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ಅವರ ಹತ್ತಿರ ಆ ಕಟ್ಟು ತೋರಿಸಿ ಗೋಳು ಹೇಳಿಕೊಂಡೆ. ಅವರು ಕಟ್ಟನ್ನು ಮಡಚಿ ಬದಿಗಿಟ್ಟರು.

"ನಿಮ್ಮ ಮನೇಲಿ ಜುಗ್ಗ ಯಾರಮ್ಮ?" ಎಂದು ಕೇಳಿದರು.

ನಗು ಬಂತು. "ದೊಡ್ಡಪ್ಪ, ಮೇಡಂ" ಎಂದೆ.

"ಅಜ್ಜಿ?"

"ಅಜ್ಜಿ ಜುಗ್ಗಿ ಅಲ್ಲ. ಕೈ ಹಿಡಿತ ಅಷ್ಟೇ."

"ಗೊತ್ತಿದೆಯಲ್ಲ ನಿನಗೆ. ಕನ್ನಡದಲ್ಲಿ ಮಾಡೋದನ್ನೇ ಇಂಗ್ಲಿಷಲ್ಲೂ ಮಾಡು. ಪದ ಬಂದಾಗ ಇದು ಯಾರು ಅಂತ ಕೇಳ್ಕೋ."

ಅವತ್ತು ಸಂಜೆಯಿಂದ ಪದಕ್ಕೊಬ್ಬ ನೆಂಟರನ್ನು ಹಿಡಿದು ಕೂರಿಸಿದೆ. ಅಜ್ಜಿ ಫ್ರೂಗಲ್. ಹಾಲಿನ ಕವರ್ ತೊಳೆದು ಒಣಗಿಸಿಡುತ್ತಾರೆ, ಹಳೇ ಸೀರೆಯಲ್ಲಿ ಕೌದಿ ಹೊಲಿಯುತ್ತಾರೆ, ಆದರೆ ಮನೆಗೆ ಬಂದವರು ಊಟ ಮಾಡದೆ ಹೋಗುವಂತಿಲ್ಲ. ದೊಡ್ಡಪ್ಪ ಸ್ಟಿಂಜಿ, ಮೈಸರ್ಲಿ ಎರಡೂ. ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ. ಅಮ್ಮ ಥ್ರಿಫ್ಟಿ, ತಿಂಗಳ ಕೊನೆಯಲ್ಲೂ ಸಾಸಿವೆ ಡಬ್ಬಿಯಲ್ಲಿ ನೂರರ ನೋಟು ಇರುತ್ತದೆ. ಚಿಕ್ಕಪ್ಪ ಪ್ರಾಡಿಗಲ್, ಪ್ರಾಫ್ಲಿಗೇಟ್, ಅಡಿಕೆ ದುಡ್ಡು ಬಂದ ವಾರವೇ ಖಾಲಿ. ಮಾವ ಲಕೋನಿಕ್. ಅವರ ಜಿಪುಣತನ ದುಡ್ಡಿನಲ್ಲಲ್ಲ, ಮಾತಿನಲ್ಲಿ.

ಈ ಪದಗಳನ್ನೆಲ್ಲ ಹಳೇ ಲಗ್ನಪತ್ರಿಕೆ ಕತ್ತರಿಸಿ ಅದರ ಹಿಂದೆ ಬರೆದೆ. ದಪ್ಪ ಕಾಗದ, ಬೆನ್ನು ಖಾಲಿ, ಯಾರ ಮನೆಯಲ್ಲೂ ಕಟ್ಟುಗಟ್ಟಲೆ ಸಿಗುತ್ತದೆ. ಒಂದು ದಿನ ಅಮ್ಮನ ಕೈಗೆ ದೊಡ್ಡಪ್ಪನ ಹೆಸರಿದ್ದ ಚೀಟಿ ಸಿಕ್ಕಿತು. ಅದರ ಹಿಂಬದಿಯಲ್ಲಿ ಇದ್ದಿದ್ದು ದೊಡ್ಡಪ್ಪನ ಮಗಳದೇ ಮದುವೆಯ ಕರೆಯೋಲೆ. "ಅವ್ರು ನೋಡಿದ್ರೆ ಏನೇ ಗತಿ, ಮೊದ್ಲು ಒಳಗಿಡು" ಎಂದು ಬೈದರು.

ಚೀಟಿಗಳನ್ನು ತಿರುವಿ ಹಾಕುವುದಕ್ಕೂ ಒಂದು ಕ್ರಮ ಇದೆ. ಲೈಟ್ನರ್ ಎಂಬ ಜರ್ಮನ್ ಲೇಖಕ 1970ರ ದಶಕದಲ್ಲಿ ಹೇಳಿಕೊಟ್ಟದ್ದು. ಮೂರು ಖಾಲಿ ಸ್ವೀಟ್ ಬಾಕ್ಸ್ ಇಟ್ಟುಕೊಂಡೆ. ಹೊಸ ಚೀಟಿ ಎಲ್ಲ ಮೊದಲ ಡಬ್ಬಿಗೆ, ಅದನ್ನು ದಿನಾ ನೋಡುವುದು. ನೆನಪಿದ್ದರೆ ಎರಡನೇ ಡಬ್ಬಿಗೆ, ಅದು ಎರಡು ಮೂರು ದಿನಕ್ಕೊಮ್ಮೆ. ಮತ್ತೂ ನೆನಪಿದ್ದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ಮರೆತರೂ ಸೀದಾ ಮೊದಲ ಡಬ್ಬಿಗೆ ವಾಪಸ್. ಇದೇ ಚೀಟಿ ಫೋನ್‌ನಲ್ಲೇ ಬೇಕು ಎನ್ನುವವರಿಗೆ ಆಂಕಿಡ್ರಾಯ್ಡ್ ಎಂಬ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನ್‌ನ ಆಂಕಿಗೆ ದುಡ್ಡು ಕೊಡಬೇಕು. ನನಗೆ ಫೋನ್ ಹಿಡಿದರೆ ಓದು ಬಿಟ್ಟು ಬೇರೆಲ್ಲ ಆಗುತ್ತದೆ, ಹಾಗಾಗಿ ಲಗ್ನಪತ್ರಿಕೆಯೇ ಸರಿಹೋಯಿತು.

ನಿಘಂಟಿನ ವಿಷಯ ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಲೈಬ್ರರಿಯಲ್ಲಿ ಕೂತು ನೋಡುತ್ತಿದ್ದೆ. ಅದು ಒಂದೇ ಅರ್ಥ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಜೊತೆಗೆ ಇಂಗ್ಲಿಷ್-ಇಂಗ್ಲಿಷ್ ನಿಘಂಟಿನಲ್ಲಿ ಉದಾಹರಣೆ ವಾಕ್ಯ ನೋಡಲೇಬೇಕು. ಪದ ಯಾವ ಸಹವಾಸದಲ್ಲಿ ಬರುತ್ತದೆ ಎಂಬುದು ಅಲ್ಲೇ ಗೊತ್ತಾಗುವುದು. ಮೂಲ ಗೊತ್ತಾದರೆ ಇನ್ನೂ ಗಟ್ಟಿ. ಫ್ರೂಗಲ್ ಬಂದದ್ದು ಲ್ಯಾಟಿನ್‌ನಲ್ಲಿ ಹಣ್ಣು, ಫಲ ಎನ್ನುವ ಪದದಿಂದ. ಅಲ್ಲಿ ಬೈಗುಳ ಇಲ್ಲ, ಪ್ರಯೋಜನದ ಮಾತಿದೆ. ಥ್ರಿಫ್ಟ್‌ಗೂ ಥ್ರೈವ್‌ಗೂ ಒಂದೇ ಬೇರು, ಏಳಿಗೆ ಎಂದು. ಚೇರಿ (chary) ಎಂಬ ಪದ ಹಳೇ ಇಂಗ್ಲಿಷಿನಲ್ಲಿ ದುಃಖ, ಚಿಂತೆ ಎಂಬ ಅರ್ಥದಿಂದ ಹೊರಟು ಈಗ ಹಿಂದೆಮುಂದೆ ನೋಡುವ, ಬಿಚ್ಚಿ ಕೊಡದ ಎಂಬಲ್ಲಿಗೆ ಬಂದಿದೆ. ದುಡ್ಡಿಗಿಂತ ಹೊಗಳಿಕೆ, ಭರವಸೆ, ಇಂಥವುಗಳ ಜೊತೆ ಅದನ್ನು ಜಾಸ್ತಿ ನೋಡಿದೆ. ಹೊಗಳಲು ಹಿಂಜರಿಯುವ ವಿಮರ್ಶಕ ಚೇರಿ. ಲಕೋನಿಕ್, ಸ್ಪಾರ್ಟನ್ ಎರಡೂ ಗ್ರೀಸಿನ ಒಂದೇ ಸೀಮೆಯವು. ಲಕೋನಿಯಾ ಎಂಬ ಆ ಸೀಮೆಯ ಮುಖ್ಯ ಊರು ಸ್ಪಾರ್ಟಾ. ಅಲ್ಲಿಯವರಿಗೆ ಮಾತೂ ಕಮ್ಮಿ, ಸುಖವೂ ಕಮ್ಮಿ. ಅಬ್‌ಸ್ಟೀಮಿಯಸ್ ಊಟ, ಕುಡಿತದಲ್ಲಿ ಮಿತ. ಅದರ ಇಂಗ್ಲಿಷ್ ಸ್ಪೆಲಿಂಗ್ ಬರೆದು ನೋಡಿ, ಐದು ಸ್ವರಗಳೂ ಎ, ಇ, ಐ, ಒ, ಯು ಎಂದು ವರ್ಣಮಾಲೆಯ ಸಾಲಿನಲ್ಲೇ ಬರುತ್ತವೆ. ಇದು ತಿಳಿದ ಮೇಲೆ ಸ್ಪೆಲಿಂಗ್ ತಪ್ಪಲೇ ಇಲ್ಲ.

ಕೆಲವು ಪದಗಳ ಹತ್ತಿರ ಹುಷಾರಾಗಿರಬೇಕು. ಥ್ರಿಫ್ಟಿ ಎಂದರೆ ಹಿಡಿತ ಇರುವವರು. ಸ್ಪೆಂಡ್‌ಥ್ರಿಫ್ಟ್ ಎಂದರೆ? ಪಕ್ಕಾ ದುಂದುಗಾರ! ಥ್ರಿಫ್ಟ್ ಕಂಡ ತಕ್ಷಣ ಉಳಿತಾಯ ಎಂದು ಕೈ ಓಡುತ್ತದೆ. ಉಳಿಸಿದ್ದನ್ನೆಲ್ಲ ಸ್ಪೆಂಡ್ ಮಾಡಿ ಮುಗಿಸುವವನು ಎಂದು ನೆನಪಿಟ್ಟುಕೊಂಡರೆ ಆಯಿತು. ಪ್ರಾಡಿಗಲ್ ಕೂಡ ಹಾಗೇ. ಬೈಬಲ್ಲಿನ ಮಗನ ಕತೆಯಿಂದಾಗಿ ಎಷ್ಟೋ ಜನ ಅದಕ್ಕೆ ಮನೆಗೆ ವಾಪಸ್ ಬಂದವನು ಎಂಬ ಅರ್ಥ ಇದೆ ಎಂದುಕೊಂಡಿದ್ದಾರೆ. ಅವನು ವಾಪಸ್ ಬಂದದ್ದು ನಿಜ, ಆದರೆ ಪದ ಹೇಳುವುದು ಅವನು ಆಸ್ತಿ ಉಡಾಯಿಸಿದ್ದನ್ನು. ಪೆನ್ಯೂರಿಯಸ್‌ಗೆ ಎರಡು ಮುಖ. ಕಡುಬಡವನೂ ಆಗಬಹುದು, ಕಡುಜಿಪುಣನೂ ಆಗಬಹುದು. ವಾಕ್ಯ ನೋಡಿಯೇ ತೀರ್ಮಾನ ಮಾಡಬೇಕು.

ನಿಗರ್ಡ್ಲಿ ಎಂಬ ಇನ್ನೊಂದು ಪದ ಹಳೇ ಪಟ್ಟಿಗಳಲ್ಲಿ ಸಿಗುತ್ತದೆ. ಅರ್ಥ ಜಿಪುಣ ಎಂದೇ. ಕಪ್ಪು ಜನರನ್ನು ಹೀಯಾಳಿಸುವ ಒಂದು ಪದದ ಹಾಗೆ ಕೇಳುತ್ತದೆ, ಆದರೆ ಮೂಲದಲ್ಲಿ ಸಂಬಂಧವೇ ಇಲ್ಲ. ಆದರೂ 1999ರಲ್ಲಿ ವಾಷಿಂಗ್ಟನ್ ಮೇಯರ್ ಕಚೇರಿಯ ಅಧಿಕಾರಿಯೊಬ್ಬರು ಬಜೆಟ್ ಬಗ್ಗೆ ಮಾತಾಡುತ್ತಾ ಇದನ್ನು ಬಳಸಿ, ಗಲಾಟೆಯಾಗಿ, ರಾಜೀನಾಮೆ ಕೊಡಬೇಕಾಯಿತು. ಕಂಡರೆ ಗುರುತು ಹಿಡಿಯಿರಿ ಸಾಕು. ನಿಮ್ಮ ಪ್ರಬಂಧದಲ್ಲಿ ಬರೆಯಬೇಡಿ, ಅಲ್ಲಿಗೆ ಹೋದ ಮೇಲಂತೂ ಬಾಯಲ್ಲೂ ತರಬೇಡಿ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಪಾರ್ಸಿಮೋನಿಯಸ್. ಮನುಷ್ಯರ ಬಗ್ಗೆ ಬಂದರೆ ಅದು ಬೈಗುಳ, ದೊಡ್ಡಪ್ಪನ ಪಕ್ಕದಲ್ಲೇ ಕೂರಿಸಬಹುದು. ಆದರೆ ಸ್ಟಾಟಿಸ್ಟಿಕ್ಸ್ ಪುಸ್ತಕದಲ್ಲಿ ಪಾರ್ಸಿಮೋನಿಯಸ್ ಮಾಡೆಲ್ ಎಂದರೆ ಹೊಗಳಿಕೆ. ಕಮ್ಮಿ ಅಂಶ ಇಟ್ಟುಕೊಂಡು ಚೆನ್ನಾಗಿ ವಿವರಿಸುವ ಮಾದರಿ ಎಂದರ್ಥ. ನಾನೇ ಕ್ಲಾಸಿನಲ್ಲಿ ಅದನ್ನು ಪಾಠ ಮಾಡುತ್ತೇನೆ! ವಿಜ್ಞಾನದ ಬಗ್ಗೆ ಇರುವ ಪ್ಯಾಸೇಜಿನಲ್ಲಿ ಈ ಪದ ಬಂದರೆ ಬೈಗುಳ ಎಂದು ಓದಬೇಡಿ. ಯಾರ ಬಗ್ಗೆ, ಯಾವ ವಿಷಯದಲ್ಲಿ ಎಂದು ನೋಡದೆ ಹೊಗಳಿಕೆ, ತೆಗಳಿಕೆ ಎಂದು ಸೀಲು ಹೊಡೆಯುವಂತಿಲ್ಲ.

ಫ್ರೂಗಲ್ ನನಗೆ ಪೂರ್ತಿ ಮನಸ್ಸಿಗೆ ಇಳಿದದ್ದು ಮಂಗಳಯಾನದ ಲೇಖನಗಳಲ್ಲಿ. 2013ರ ನವೆಂಬರ್‌ನಲ್ಲಿ ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನೌಕೆ. ಖರ್ಚು ಸುಮಾರು 450 ಕೋಟಿ ರೂಪಾಯಿ. ಆಗಿನ ವಿದೇಶಿ ಪತ್ರಿಕೆಗಳನ್ನು ಈಗ ತೆಗೆದು ಓದಿದರೆ ಫ್ರೂಗಲ್ ಪದ ಪದೇ ಪದೇ ಸಿಗುತ್ತದೆ. ಸ್ಟಿಂಜಿ ಎಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಮಂಗಳಯಾನ ಅಲ್ಲಿಂದ ನಡೆದದ್ದಲ್ಲ, ಅಲ್ಲಿ ನೋಡಿಕೊಳ್ಳುವುದು ಭೂಸ್ಥಿರ ಉಪಗ್ರಹಗಳನ್ನು. ಆದರೂ ದಿನಾ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವವಳಿಗೆ ಇಸ್ರೋ ಬಗ್ಗೆ ಓದುವುದು ಬೇಜಾರಿನ ಕೆಲಸವಲ್ಲ. ನಿಮಗೆ ಇಷ್ಟವಾದ ವಿಷಯದ ಇಂಗ್ಲಿಷ್ ಲೇಖನ ದಿನಕ್ಕೊಂದು ಓದಿ. ಕ್ರಿಕೆಟ್ ಆದರೂ ಸರಿ. ರನ್ ಬಿಟ್ಟುಕೊಡದ ಬೌಲರನ್ನು ಇಂಗ್ಲಿಷ್ ವರದಿಗಾರರು ಮೈಸರ್ಲಿ, ಪಾರ್ಸಿಮೋನಿಯಸ್ ಎಂದು ಬರೆಯುತ್ತಾರೆ, ಅದೂ ಹೊಗಳುತ್ತಾ!

ಪುಸ್ತಕದ ಬಗ್ಗೆ ಒಂದು ಎಚ್ಚರ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಜಿಆರ್‌ಇ ಪುಸ್ತಕ ರಾಶಿ ರಾಶಿ ಸಿಗುತ್ತದೆ. ತೆಗೆದುಕೊಳ್ಳುವ ಮೊದಲು ಇಸವಿ ನೋಡಿ. ವಿರುದ್ಧ ಪದ ಆರಿಸುವ ಪ್ರಶ್ನೆಗಳಿದ್ದರೆ ಅದು 2011ಕ್ಕಿಂತ ಹಳೆಯದು, ಆ ಬಗೆಯ ಪ್ರಶ್ನೆ ಈಗ ಇಲ್ಲ. ಎರಡು ಪ್ರಬಂಧ, ಮೂರೂ ಮುಕ್ಕಾಲು ಗಂಟೆ ಎಂದಿದ್ದರೆ ಅದು 2023ರ ಸೆಪ್ಟೆಂಬರ್‌ಗಿಂತ ಮೊದಲಿನದು. ಈಗ ಪರೀಕ್ಷೆ 1 ಗಂಟೆ 58 ನಿಮಿಷ, ಒಂದೇ ಪ್ರಬಂಧ. ಪದಗಳ ಅಭ್ಯಾಸಕ್ಕೆ ಹಳೇ ಪುಸ್ತಕವೂ ನಡೆಯುತ್ತದೆ, ಸಮಯದ ಲೆಕ್ಕಕ್ಕೆ ನಡೆಯುವುದಿಲ್ಲ.

ಈಗ ಬುಕಿಂಗ್. ಫೀಸು 22,000 ರೂಪಾಯಿಯ ಆಸುಪಾಸು. ಇದು ಬದಲಾಗುತ್ತಿರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ. ನನ್ನ ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಖರ್ಚಿಗೆ ದಿನದ ಮಿತಿ ಅದಕ್ಕಿಂತ ಕಡಿಮೆ ಇತ್ತು. ಹಣ ಹೋಗಲಿಲ್ಲ, ಅಷ್ಟರಲ್ಲಿ ನಾನು ನೋಡಿಟ್ಟಿದ್ದ ಶನಿವಾರದ ಸ್ಲಾಟ್ ಹೋಯಿತು. ಬ್ಯಾಂಕಿನ ಆ್ಯಪ್‌ನಲ್ಲಿ ಮಿತಿ ಏರಿಸಿಕೊಂಡು ಆಮೇಲೆ ಕೂತುಕೊಳ್ಳಿ. ದಿನ ಬದಲಿಸಬೇಕೆಂದರೆ ಪರೀಕ್ಷೆಗೆ ನಾಲ್ಕು ದಿನ ಮೊದಲೇ ಮಾಡಬೇಕು, ಅದಕ್ಕೂ ದುಡ್ಡು. ರದ್ದು ಮಾಡಿದರೆ ಅರ್ಧ ಮಾತ್ರ ವಾಪಸ್.

ಮನೆಯಿಂದಲೂ ಬರೆಯಬಹುದು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಕು, ಕ್ಯಾಮೆರಾದಲ್ಲಿ ಇಡೀ ಕೋಣೆ ತೋರಿಸಬೇಕು, ಲೆಕ್ಕ ಮಾಡಲು ಕಾಗದ ಇಲ್ಲ, ಅಳಿಸುವ ಬಿಳಿ ಬೋರ್ಡ್ ಬೇಕು. ನಮ್ಮ ಮನೆಯಲ್ಲಿ ಒಳಗೆ ಯಾರೂ ಬರಬೇಡಿ ಎಂದರೆ ಅಜ್ಜಿ ಕಾಫಿ ಹಿಡಿದುಕೊಂಡೇ ಬರುತ್ತಾರೆ. ಜೊತೆಗೆ ಕರೆಂಟಿನ ಭರವಸೆ ಇಲ್ಲ. ಹಾಗಾಗಿ ಬೆಂಗಳೂರಿನ ಕೇಂದ್ರವೇ ಆಯಿತು.

ಹಿಂದಿನ ದಿನ ರೈಲಿನಲ್ಲಿ ಹೋದೆ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ದಾರಿ, 2017ರಿಂದ ಇದೆ. ಅಕ್ಕನ ಮನೆ ವಿಜಯನಗರ, ಅಲ್ಲೇ ಉಳಿದುಕೊಂಡೆ. ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ಅಕ್ಕ ಮಾತ್ರ, "ಈಗ ಚೀಟಿ ಮುಟ್ಟಿದ್ರೆ ನೋಡು" ಎಂದು ಡಬ್ಬಿ ಎತ್ತಿಟ್ಟುಬಿಟ್ಟಳು.

ಕೇಂದ್ರದಲ್ಲಿ ಪಾಸ್‌ಪೋರ್ಟ್ ಬಿಟ್ಟು ಎಲ್ಲವೂ ಲಾಕರ್‌ಗೆ. ವಾಚು, ಕರ್ಚೀಫು, ನೀರಿನ ಬಾಟಲಿ ಎಲ್ಲ. ಜೇಬು ಒಳಮಗ್ಗಲು ಮಾಡಿ ತೋರಿಸಬೇಕು. ಚೂಡಿದಾರಕ್ಕೆ ಜೇಬೇ ಇಲ್ಲ ಎಂದರೂ ಒಮ್ಮೆ ನೋಡಿದರು. ಫೋಟೊ, ಸಹಿ. ಅವರ ಸಿಸ್ಟಮ್ ಏನೋ ಕೈಕೊಟ್ಟು ನಮ್ಮನ್ನೆಲ್ಲ ಹೊರಗೆ ಕೂರಿಸಿದರು. ಕಾಯುವ ಹೊತ್ತಿನಲ್ಲಿ ಓದಲು ಏನೂ ಇಲ್ಲ, ಗೋಡೆ ಮಾತ್ರ. ಪಕ್ಕದಲ್ಲಿದ್ದ ಹುಡುಗ ಉಗುರು ಕಚ್ಚುತ್ತಿದ್ದ. ಎಸಿ ಜೋರಾಗಿತ್ತು, ತೆಳು ಸ್ವೆಟರ್ ಹಾಕಿಕೊಂಡೇ ಹೋಗಿ. ಮಧ್ಯೆ ವಿರಾಮ ಇಲ್ಲ. ಹೋಗುವ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ.

ಮೊದಲು ಪ್ರಬಂಧ, 30 ನಿಮಿಷ. ಅದರ ಬರೆಯುವ ಪರದೆಯಲ್ಲಿ ಸ್ಪೆಲಿಂಗ್ ತಿದ್ದುವ ಸೌಲಭ್ಯ ಇಲ್ಲ. ಅಕ್ಕಪಕ್ಕದವರು ಪಟಪಟ ಟೈಪ್ ಮಾಡುವ ಸದ್ದಿಗೆ ನನಗೆ ಗಾಬರಿಯಾಗಿ ಒಂದು ಪ್ಯಾರಾ ಅಳಿಸಿ ಮತ್ತೆ ಬರೆದೆ. ಆಮೇಲೆ ವರ್ಬಲ್, ಕ್ವಾಂಟ್ ಎರಡೆರಡು ಭಾಗ. ವರ್ಬಲ್‌ನ ಮೊದಲ ಭಾಗದಲ್ಲಿ 12 ಪ್ರಶ್ನೆ, 18 ನಿಮಿಷ. ಎರಡನೆಯದರಲ್ಲಿ 15 ಪ್ರಶ್ನೆ, 23 ನಿಮಿಷ. ಮೊದಲನೆಯದನ್ನು ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ. ಕಷ್ಟ ಅನ್ನಿಸಿದರೆ ಹೆದರಬೇಡಿ, ಅದು ಒಳ್ಳೇ ಸುದ್ದಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಏನು ಬಂತು ಎಂದು ಹೇಳುವಂತಿಲ್ಲ, ಗುಟ್ಟು ಕಾಯುತ್ತೇವೆ ಎಂದು ಒಪ್ಪಿಕೊಂಡೇ ಒಳಗೆ ಹೋಗುವುದು. ನನ್ನ ನೆಂಟರು ಬಂದಿದ್ದರಾ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಅವರಿಗೂ ಹೇಳಿಲ್ಲ.

ಕೊನೆಗೆ ಪರದೆಯಲ್ಲಿ ಅಂಕ ಇಟ್ಟುಕೊಳ್ಳುತ್ತೀರಾ, ರದ್ದು ಮಾಡುತ್ತೀರಾ ಎಂದು ಕೇಳುತ್ತದೆ. ಅಂಕ ನೋಡುವ ಮೊದಲೇ ಹೇಳಬೇಕು. ಇಟ್ಟುಕೊಳ್ಳುತ್ತೇನೆ ಎಂದು ಒತ್ತುವಾಗ ಕೈ ನಡುಗಿತು. ವರ್ಬಲ್, ಕ್ವಾಂಟ್ ಅಂಕ ಅಲ್ಲೇ ಕಾಣಿಸಿತು. ನೋಡಿ ಒಂದು ನಿಮಿಷ ಸುಮ್ನೆ ಕೂತೆ. ಪರೀಕ್ಷೆಯ ಫೀಸಿನಲ್ಲೇ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅಂಕ ಕಳಿಸಬಹುದು, ಆದರೆ ಆಯ್ಕೆಯನ್ನು ಅವತ್ತೇ ಅಲ್ಲೇ ಮಾಡಬೇಕು. ಹೆಸರುಗಳನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ. ಆಮೇಲೆ ಕಳಿಸುವ ಪ್ರತಿಯೊಂದಕ್ಕೂ ಡಾಲರ್ ಲೆಕ್ಕದಲ್ಲಿ ಬೇರೆ ದುಡ್ಡು. ನಾನು ಮೂರಕ್ಕೆ ಅಲ್ಲೇ ಕಳಿಸಿದೆ, ನಾಲ್ಕನೆಯದನ್ನು ಇನ್ನೂ ಯೋಚಿಸಿರಲಿಲ್ಲವಾದ್ದರಿಂದ ಹಾಗೇ ಬಿಟ್ಟೆ.

ಪ್ರಬಂಧದ ಅಂಕವೂ ಸೇರಿ ಅಧಿಕೃತ ಅಂಕ ಬರಲು ಎಂಟು ಹತ್ತು ದಿನ ಬೇಕು. ಐದು ವರ್ಷ ನಡೆಯುತ್ತದೆ. ಮತ್ತೆ ಬರೆಯಬೇಕೆಂದರೆ 21 ದಿನದ ಅಂತರ ಇರಬೇಕು, 12 ತಿಂಗಳಲ್ಲಿ ಐದು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಡಿಸೆಂಬರ್‌ನಲ್ಲಿ ಅರ್ಜಿಯ ಕೊನೇ ದಿನ ಇರುವವರು ಇದನ್ನೆಲ್ಲ ಕೂಡಿಸಿ ನೋಡಿ. ಮೊದಲ ಸಲ ಅಂದುಕೊಂಡ ಅಂಕ ಬರದಿದ್ದರೆ ಇನ್ನೊಂದು ಸಲ ಬರೆದು, ಅದರ ಅಂಕ ಅಲ್ಲಿಗೆ ತಲುಪಬೇಕು ಎಂದರೆ ಅಕ್ಟೋಬರ್ ಮೊದಲ ವಾರದೊಳಗೆ ಮೊದಲ ಪರೀಕ್ಷೆ ಮುಗಿದಿದ್ದರೆ ವಾಸಿ. ಪಾಸ್‌ಪೋರ್ಟ್ ಇಲ್ಲದವರು ಅದಕ್ಕೂ ನಾಲ್ಕೈದು ತಿಂಗಳು ಮೊದಲು ಅರ್ಜಿ ಹಾಕಿ.